ಇನ್ನೂರು ಮಗ್ಗ, ನೂರು ಸೀರೆ

"ಕೇಳಿರಪ್ಪೋ ಕೇಳಿರಿ! ರಾಣಿ ಮಲ್ಲಾಜಿಯ ಮೂರು ಒಗಟು ಬಿಡಿಸಿದವರಿಗೆ ನೇಕಾರಿಕೆಗೆ ಇಟ್ಟ ಈ ವರ್ಷದ ಅನುದಾನವೆಲ್ಲ! ತಪ್ಪು ಹೇಳಿದರೆ ಸಂಜೆಗೆ ತಲೆ ಹೋಗುತ್ತದೆ!"

ಡಂಗುರದವನು ಕೊನೆಯ ಮಾತನ್ನು ಮೆಲ್ಲಗೆ ಹೇಳಿರಬೇಕು, ಇಲ್ಲದಿದ್ದರೆ ಅರಮನೆಯ ಮುಂದೆ ಅಷ್ಟು ಜನ ಸೇರುತ್ತಿರಲಿಲ್ಲ. ಗುಂಪಿನ ಹಿಂದೆ ಹುಚ್ಚೀರನೂ ಇದ್ದ. ಕೆಟ್ಟ ಮಗ್ಗ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ಒಬ್ಬನೇ ಕೂತು ಇಬ್ಬರಷ್ಟು ನೇಯಬಹುದಾದ ಹೊಸ ಮಗ್ಗವೊಂದು ಅವನ ತಲೆಯೊಳಗಿತ್ತು. ಮರ ಕೊಡಿ ಎಂದು ಒಂಬತ್ತು ಸಲ ಅರ್ಜಿ ಹಾಕಿದ್ದ. ಒಂಬತ್ತು ಸಲವೂ ಅನುದಾನದ ಕಚೇರಿಯವರು, "ಇಂಥದ್ದು ಮೊದಲು ಎಲ್ಲಿ ನಡೆದಿದೆ, ಹೇಳು" ಎಂದು ಕಳಿಸಿದ್ದರು. ಹೊಸದು ಮೊದಲೇ ಎಲ್ಲಿ ನಡೆದಿರುತ್ತದೆ, ಪಾಪ!

ರಾಣಿ ಮೊದಲ ಒಗಟು ಹೇಳಿದಳು. "ಹಾಲಿಗೆ ಹಾಕುವುದು ಒಂದು ಚಮಚ, ಬೆಳಗಾದರೆ ಗಡಿಗೆಯೆಲ್ಲ ಅದೇ. ನೀರಿಗೆ ಹಾಕಿದರೆ ದಂಡ. ಏನದು?"

"ಸಕ್ಕರೆ!" ಎಂದ ಸಾಹುಕಾರ ಬಸಲಿಂಗಶೆಟ್ಟಿ. ಅಡುಗೆಮನೆ ಕಂಡವನಲ್ಲ. ಕಾವಲುಗಾರರು ಅವನ ಕೈ ಕಟ್ಟಿದರು.

"ನೂರು ಮಗ್ಗವಿದ್ದಾಗ ನೂರು ಸೀರೆ ಬರುತ್ತಿತ್ತು. ಈಗ ಇನ್ನೂರು ಮಗ್ಗ, ಸೀರೆ ಮಾತ್ರ ನೂರೇ. ಹೇಗೆ?" ಎಂದು ರಾಣಿ ಎರಡನೆಯದು ಕೇಳಿದಳು.

"ನೇಕಾರರು ಸೋಮಾರಿಗಳು!" ಎಂದ ನೇಕಾರ ಸಂಘದ ಯಜಮಾನ. ಅವನ ಕೈಗೂ ಹಗ್ಗ ಬಿತ್ತು.

"ಕೊಡಲು ನಾನಿದ್ದೇನೆ, ನೇಯಲು ಜಾಣರಿದ್ದಾರೆ. ಆದರೂ ಸೀರೆಯ ಅಂಚು ಮುತ್ತಜ್ಜಿಯ ಕಾಲದ್ದೇ. ಹೊಸದನ್ನು ತಡೆದವರು ಯಾರು?"

"ಪಕ್ಕದ ರಾಜ!" ಎಂದ ಮಂತ್ರಿಯ ತಮ್ಮ. ಹಗ್ಗ ಮೂರನೆಯದಾಯಿತು.

ಉಳಿದವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು. ಹುಚ್ಚೀರ ಮಾತ್ರ ಗುಂಪು ಸೀಳಿಕೊಂಡು ಮುಂದೆ ನಡೆದೇಬಿಟ್ಟ.

"ಮೊದಲನೇದು ಹೆಪ್ಪು ರೀ ತಾಯಿ. ಹಾಲಿರೋ ಗಡಗಿಗೆ ಚಮಚ ಸಾಕು. ನೀರಿನ ಗಡಗಿಗೆ ಎಷ್ಟು ಸುರುವಿದ್ರೂ ಮೊಸರು ಆಗಂಗಿಲ್ಲ. ನಿಮ್ಮ ಅನುದಾನಾನೂ ಹಂಗ. ಯಾರ ಮನ್ಯಾಗ ಹಾಲೈತಿ ಅಂತ ನೋಡಿ ಹಾಕ್ಬೇಕು."

ರಾಣಿ ತಲೆದೂಗಿದಳು. ಜನ ಹೋ ಎಂದರು!

"ಎರಡನೇದು, ನೀವು ಮಗ್ಗ ಎಣಿಸಿ ರೊಕ್ಕ ಕೊಡ್ತೀರಿ, ಸೀರಿ ಎಣಿಸಿ ಅಲ್ಲ. ಅದಕ್ಕ ಮಂದಿ ಕಟ್ಟಿಗಿ ಬಡಿದು ಮಗ್ಗ ನಿಲ್ಲಿಸ್ಯಾರ. ನೂಲು ಕಟ್ಟಿಲ್ಲ. ನಮ್ಮ ಓಣ್ಯಾಗ ಒಂದರ ಮ್ಯಾಲೆ ಕೋಳಿ ಮಲಗತಾವ."

ಜನ ನಕ್ಕರು. ಯಜಮಾನ ನೆಲ ನೋಡಿದ.

"ಮೂರನೆಯದು?" ಎಂದಳು ರಾಣಿ.

ಹುಚ್ಚೀರ ರಾಣಿಯ ಮುಖವನ್ನೇ ನೋಡಿದ. "ತಡೆದವರು ನೀವ ರೀ, ತಾಯಿ."

ಕಾವಲುಗಾರರ ಕೈ ಕತ್ತಿಯ ಹಿಡಿಗೆ ಹೋದ ಸದ್ದು ಎಲ್ಲರಿಗೂ ಕೇಳಿಸಿತು.

"ಹೊಸಾದು ಮಾಡೋವಾಗ ನಾಕು ಸಲ ಕೆಡತೈತಿ. ಕೆಟ್ರ ಕೊಟ್ಟದ್ದರ ಎರಡರಷ್ಟು ತಿರುಗಿ ಕೊಡಬೇಕು ಅಂತ ನಿಮ್ಮ ಕಾಯ್ದೆ. ಇವತ್ತು ಒಂದು ಮಾತು ತಪ್ಪಿದ್ದಕ್ಕ ಮೂವರ ತಲಿ ತಗೀತೀರಿ. ಹಿಂಗಾದ್ರ ಹೊಸ ಅಂಚು ಯಾರು ನೇಯ್ತಾರ?"

ರಾಣಿ ಎದ್ದು ನಿಂತಳು. "ಇದರ ಉತ್ತರ ನನಗೂ ಗೊತ್ತಿರಲಿಲ್ಲ, ಪಕ್ಕದ ರಾಜನಲ್ಲ ಎಂದಷ್ಟೇ ಗೊತ್ತಿತ್ತು. ಅದಕ್ಕೇ ಡಂಗುರ ಸಾರಿಸಿದೆ. ಆ ಮೂವರ ಕೈ ಬಿಚ್ಚಿ!"

ಊರಿಗೆ ಊರೇ ಕುಣಿಯಿತು. ಅನುದಾನದ ಕಚೇರಿ ಹುಚ್ಚೀರನ ಕೈಗೆ ಬಂತು, ಬೇಕಾದಷ್ಟು ಮರವೂ ಬಂತು. ಹೊಸ ಮಗ್ಗ ಎದ್ದು ನಿಂತು, ಮೂರನೆಯ ದಿನ ಲಟಕ್ಕೆಂದು ಮುರಿದು ಬಿತ್ತು. ಸುದ್ದಿ ಕೇಳಿ ರಾಣಿಯೇ ಬಂದಳು. ಹುಚ್ಚೀರ ಬೆವರುತ್ತ ಕೈಮುಗಿದ.

ಅವಳು ಸೀರೆಯ ನೆರಿಗೆ ಸರಿಸಿ ಅವನ ಪಕ್ಕ ನೆಲದ ಮೇಲೆ ಕೂತು, "ಎಲ್ಲಿ ಮುರಿಯಿತು?" ಎಂದು ಕೇಳಿದಳು.