ಬಲಗಡೆಯ ತಟ್ಟೆ

ಕೆರೆಮಲ್ಲಾಪುರದ ಪೂಜ್ಯ ಅಡವಯ್ಯಜ್ಜನವರನ್ನು ನೋಡಿದರೆ ಮಠದ ಸ್ವಾಮಿಗಳೆಂದು ಅನ್ನಿಸುತ್ತಿರಲಿಲ್ಲ. ಮಣ್ಣಿನ ಗೋಡೆ, ತಗಡಿನ ಮಾಡು, ಅಂಗಳದಲ್ಲೊಂದು ಬೇವಿನ ಮರ, ಮಠವೆಂದರೆ ಅಷ್ಟೆ. ದಾಸೋಹದ ಹೊತ್ತಿಗೆ ಹುಗ್ಗಿಯ ಬಕೀಟು ಹಿಡಿದು ಬಡಿಸಲು ಬರುವ ಮುದುಕರೇ ಅಜ್ಜನವರು. ಆ ಪಂಕ್ತಿಗೆ ಅವರು ಹಾಕಿಕೊಟ್ಟ ಪದ್ಧತಿ ಒಂದೇ: ಯಾರೂ ತಮಗಾಗಿ ಏನನ್ನೂ ಕೇಳುವಂತಿಲ್ಲ. ತಮ್ಮ ಬಲಕ್ಕೆ ಕುಳಿತವರಿಗೆ ಏನು ಬೇಕೆಂದು ವಿಚಾರಿಸಿ, ಅವರ ಪರವಾಗಿ ಕೇಳಬೇಕು.

ಮುರಿಗೆಪ್ಪ ಮಾಸ್ತರಿಗೆ ಇದು ಹುಚ್ಚಾಟವೆನಿಸಿತು. ಅವರು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವರು. ಮಠಗಳ ಬಗ್ಗೆ ಅವರಿಗೆ ಅಭಿಪ್ರಾಯಗಳಿದ್ದವು, ಭಕ್ತಿ ಇರಲಿಲ್ಲ. ತಾನು ಸತ್ತು ವರ್ಷವಾದ ದಿನ ಇಲ್ಲಿ ದಾಸೋಹ ಮಾಡಿಸಬೇಕೆಂದು ತಾಯಿ ಹೇಳಿಹೋಗಿದ್ದರಿಂದ ಬಂದಿದ್ದರು. ಹೆಂಡತಿ ದಾಕ್ಷಾಯಣಿಯೂ ಬಂದಿದ್ದರು, ಟ್ರಂಕಿನೊಡನೆ. ಊಟ ಮುಗಿದ ಮೇಲೆ ಅವರು ತವರಿನ ಬಸ್ಸು ಹತ್ತುವವರು. ಮರಳಿ ಬರುವ ಮಾತಿರಲಿಲ್ಲ.

ಗಂಡಹೆಂಡಿರ ನಡುವೆ ಮಾತೇ ಇರಲಿಲ್ಲ, ವರ್ಷದಿಂದ. ಅತ್ತೆ ತೀರಿಕೊಂಡ ದಿನ ದಾಕ್ಷಾಯಣಿ, "ಅತ್ತಿ ಕಡೀಗೆ ನನ್ನ ಹೆಸರು ಹಿಡದು ಕರದ್ರು" ಎಂದು ಕಣ್ಣೀರಿಟ್ಟಿದ್ದರು. ಮಾಸ್ತರು, "ಜ್ವರದಾಗ ಬಾಯಿಗೆ ಬಂದದ್ದಕ್ಕ ಅರ್ಥ ಇರಂಗಿಲ್ಲ" ಎಂದು ತೀರ್ಪು ಕೊಟ್ಟಿದ್ದರು. ಅಂದಿನಿಂದ ಆಕೆ ಗೋಡೆಯ ಮೇಲಿನ ಅತ್ತೆಯ ಫೋಟೊದೊಡನೆ ಮಾತಾಡತೊಡಗಿದರು. "ಅತ್ತಿ, ನಿಮ್ಮ ಮಗನಿಗೆ ಹೇಳ್ರಿ, ಸಾರು ಆರಾಕತ್ತೈತಿ." ಮಾಸ್ತರೂ ಫೋಟೊಗೇ ಉತ್ತರ ಕೊಡುತ್ತಿದ್ದರು. "ಯವ್ವಾ, ಆಕೀಗೆ ಹೇಳು, ನನಗ ಹಸಿವಿಲ್ಲ." ದೇವರನ್ನು ನಂಬದ ಮನುಷ್ಯ ಒಂದು ವರ್ಷ ಚಿತ್ರಪಟದ ಮೂಲಕ ಸಂಸಾರ ನಡೆಸಿದರು.

ಪಂಕ್ತಿಯಲ್ಲಿ ದಾಕ್ಷಾಯಣಿಗೆ ಗಂಡನ ಬಲಗಡೆಯೇ ಜಾಗ ಸಿಕ್ಕಿತು. ಮಾಸ್ತರ ಎಡಕ್ಕೆ ಕುಳಿತಿದ್ದ ಕಂಬಳಿ ನೇಯುವ ಮುದುಕ ಧಾರಾಳಿ. "ಮಾಸ್ತರಿಗೆ ಇನ್ನೊಂದು ರೊಟ್ಟಿ ನೀಡ್ರಿ. ಪಲ್ಯಾನೂ ಹಾಕ್ರಿ, ಪಾಪ, ಓದಿ ಓದಿ ಸೊರಗ್ಯಾರ." ಮಾಸ್ತರ ತಟ್ಟೆ ತುಂಬಿತು. ಬಲಗಡೆಯ ತಟ್ಟೆ ಖಾಲಿಯೇ ಇತ್ತು.

ಅಜ್ಜನವರು ಬಕೀಟು ಹಿಡಿದು ಬಂದು ನಿಂತರು.

"ಆಕೀಗೂ ನೀಡ್ರಿ," ಎಂದರು ಮಾಸ್ತರು.

"ತಂಗಿಗೆ ಏನು ಬೇಕಂತ?"

"ಗೊತ್ತಿಲ್ರಿ."

"ಕೇಳು ತಮ್ಮಾ. ನಾ ನಿಂತಿರ್ತೀನಿ."

ಅಷ್ಟೇ. ಉಪದೇಶವಿಲ್ಲ, ಆಶೀರ್ವಾದವಿಲ್ಲ. ಅಜ್ಜನವರು ನಿಂತೇ ಇದ್ದರು. ಬಿಸಿ ಹುಗ್ಗಿಯ ಭಾರಕ್ಕೆ ಅವರ ಮುಂಗೈ ನಡುಗುತ್ತಿತ್ತು, ಬಕೀಟನ್ನು ಕೆಳಗಿಡಲಿಲ್ಲ. ಪಂಕ್ತಿಯಲ್ಲಿ ಒಬ್ಬೊಬ್ಬರಾಗಿ ಊಟ ನಿಲ್ಲಿಸಿದರು.

"ಲಗೂನ ಕೇಳ್ರಿ ಮಾಸ್ತರ, ಅಜ್ಜಾರ ಕೈ ಸೋಲತಾವು," ಎಂದು ಮುದುಕ ಗೊಣಗಿದ.

ಮಾಸ್ತರು ಸುತ್ತ ನೋಡಿದರು. ಇಲ್ಲಿ ಫೋಟೊ ಇರಲಿಲ್ಲ.

"ದಾಕ್ಷಾಯಣಿ, ನಿನಗ ಏನು ಬೇಕು?"

ಆಕೆ ತಟ್ಟೆಯನ್ನೇ ನೋಡುತ್ತ, "ಅತ್ತಿ ನನ್ನ ಹೆಸರು ಹಿಡದು ಕರದ್ರು," ಎಂದರು.

ಮಾಸ್ತರ ಬಾಯಲ್ಲಿ ಉತ್ತರ ಸಿದ್ಧವಿತ್ತು. ಯಾವಾಗಲೂ ಇರುತ್ತಿತ್ತು. ಆದರೆ ಆ ನಡುಗುವ ಮುಂಗೈಯ ಮುಂದೆ ವಾದ ಹೂಡಲು ಅವರಿಗೆ ನಾಚಿಕೆಯಾಯಿತು.

"ಹೌದು, ಕರದಳು. ನಾನೂ ಬಾಗಲದಾಗ ನಿಂತಿದ್ದೆ. ನನ್ನ ಹೆಸರು ಕರೀಲಿಲ್ಲ."

ದಾಕ್ಷಾಯಣಿ ತಲೆಯೆತ್ತಿ ಗಂಡನ ಮುಖ ನೋಡಿದರು. "ಇದನ್ನ ಅವತ್ತ ಹೇಳಬಾರದಿತ್ತೇನ್ರಿ?" ಎಂದವರು ಸೆರಗಿನಿಂದ ಕಣ್ಣೊರೆಸಿಕೊಂಡು, "ನನಗ ಹುಗ್ಗಿ ನೀಡಸ್ರಿ," ಎಂದರು.

ಮಾಸ್ತರು ಅಜ್ಜನವರತ್ತ ತಿರುಗಿದರು. "ಹುಗ್ಗಿ ಬೇಕಂತ್ರಿ. ಮ್ಯಾಲೆ ತುಪ್ಪ ಹೆಚ್ಚು ಹಾಕಸ್ರಿ, ಆಕೀಗೆ ಸೇರತೈತಿ."

ಅಜ್ಜನವರು ನಕ್ಕು, ಬಡಿಸಿ, ಮುಂದಿನ ತಟ್ಟೆಗೆ ನಡೆದರು.

ತವರಿನ ಬಸ್ಸು ಬಂದು ಹೋಯಿತು. ಟ್ರಂಕು ಬೇವಿನ ಮರದ ಕೆಳಗೇ ಇತ್ತು.

ಇದನ್ನು ಪವಾಡವೆನ್ನಲು ಮಾಸ್ತರು ಇಂದಿಗೂ ಒಪ್ಪುವುದಿಲ್ಲ. ಆದರೆ ಪ್ರತಿವರ್ಷ ಆ ದಿನ ಇಬ್ಬರೂ ಮಠಕ್ಕೆ ಬರುತ್ತಾರೆ. ಅಜ್ಜನವರು ಲಿಂಗೈಕ್ಯರಾದ ಮೇಲೆ ಅಂದಿನ ಹುಗ್ಗಿ ಬಡಿಸುವವರು ಮಾಸ್ತರೇ. ಹೊಸಬರು ಪಕ್ಕದವರನ್ನು ಕೇಳಲು ಹಿಂಜರಿದರೆ ಅವರು ಅವಸರಪಡಿಸುವುದಿಲ್ಲ. ಕೈ ಸೋತರೂ ನಿಂತಿರುತ್ತಾರೆ. ಯಾವ ಗುಡಿಯ ಮುಂದೆಯೂ ಬಾಗದ ಆ ಮನುಷ್ಯ, ಬಡಿಸುವ ಮುನ್ನ ಬಕೀಟಿಗೆ ಕೈಮುಗಿಯುತ್ತಾರೆ.