ಚೀಟಿಯ ಹಿಂದಿನ ಹಲ್ಲಿ

ಕಲಾ ಮ್ಯೂಸಿಯಮ್ಮಿನ ಹಳೇ ಕಟ್ಟಡದಲ್ಲಿ ಮೀಸೆ ರಾಜರೊಬ್ಬರ ಚಿತ್ರವಿತ್ತು. ಅದರ ಹಿಂದೆ ಒಂದು ಹಲ್ಲಿ ಸಂಸಾರ ಹೂಡಿತ್ತು. ರಾಜರನ್ನು ರಿಪೇರಿಗೆ ಕಳಿಸಿದ ದಿನ ಹಲ್ಲಿಗೆ ಮನೆ ಇಲ್ಲದಂತಾಯಿತು. ಹೊಸದಾಗಿ ಕಟ್ಟಿದ ಭಾಗದಲ್ಲಾದರೂ ಜಾಗ ಸಿಕ್ಕೀತು ಅಂತ ಹೊರಟಿತು. ಅಲ್ಲಿ ನೋಡಿದರೆ ಗೋಡೆಯೂ ಬಿಳಿ, ಗೋಡೆಯ ಮೇಲಿನ ಚಿತ್ರವೂ ಬಿಳಿ. ಯಾವುದು ಯಾವುದೆಂದು ತಿಳಿಯದೆ ಹಲ್ಲಿ ಎರಡು ಸಲ ಚಿತ್ರದ ಮೇಲೇ ನಡೆದುಹೋಯಿತು.

ಪಕ್ಕದಲ್ಲಿದ್ದ ಹೆಸರಿನ ಚೀಟಿ ಗದರಿತು: "ಇಳಿಯಯ್ಯಾ, ನೀನು ನಿಂತಿರುವುದು ಕಲೆಯ ಮೇಲೆ."

"ನಾನು ಸುಣ್ಣ ಅಂದುಕೊಂಡೆ. ಇದರ ಅರ್ಥವೇನು, ಸ್ವಾಮಿ?"

"ನನ್ನ ಮುಖದ ಮೇಲೆ ಬರೆದಿದ್ದಾರೆ. ನಾನು ಹೇಗೆ ಓದಲಿ?"

ಅಷ್ಟರಲ್ಲಿ ಷಡಕ್ಷರಪ್ಪ ಮೇಷ್ಟ್ರು ಹೆಂಡತಿ ಶಿವನಂಜಮ್ಮನ ಜೊತೆ ಬಂದರು. ಹಲ್ಲಿ ಹೆದರಿ ಚೀಟಿಯ ಹಿಂದೆ ನುಗ್ಗಿತು.

"ಇದು ಶೂನ್ಯ ಕಣೇ. ಭಾರೀ ಅರ್ಥ ಇದೆ," ಎಂದರು ಮೇಷ್ಟ್ರು.

ಹಸಿದ ಹಲ್ಲಿ ಲೊಚಗುಟ್ಟಿತು.

"ಕೃಷ್ಣ ಕೃಷ್ಣ. ನೋಡು, ಹಲ್ಲಿನೂ ಸತ್ಯ ಅಂತು."

"ಬಿಡ್ರೀ, ಬಣ್ಣ ಹಚ್ಚೋದು ಮರೆತಿದಾರೆ ಅಷ್ಟೇ," ಎಂದರು ಶಿವನಂಜಮ್ಮ.

ಹಲ್ಲಿ ಮತ್ತೆ ಲೊಚಗುಟ್ಟಿತು.

"ಈಗೇನಂತೀರಿ?"

ಇಬ್ಬರೂ ತಾವೇ ಗೆದ್ದೆವೆಂದು ಬೀಗುತ್ತಾ ಮುಂದಿನ ಕೋಣೆಗೆ ಹೋದರು.

"ಇಲ್ಲೇ ಇದ್ದುಬಿಡಪ್ಪಾ," ಎಂದಿತು ಚೀಟಿ. "ನನ್ನನ್ನು ಓದಿದವರು ಯಾರೂ ಇಷ್ಟು ಖುಷಿಯಾಗಿ ಹೋಗಿರಲಿಲ್ಲ."

ಹೀಗೆ ಹಲ್ಲಿಗೆ ಮನೆ ಸಿಕ್ಕಿತು. ಆದರೆ ಪಾಪ, ಅದು ಲೊಚಗುಟ್ಟಿ ಕೇಳುತ್ತಿದ್ದದ್ದು "ಇಲ್ಲಿ ಸೊಳ್ಳೆ ಇದೆಯಾ?" ಅಂತ. ಅದಕ್ಕೆ ಮಾತ್ರ ಇವತ್ತಿನವರೆಗೆ ಯಾರೂ ಹೌದು ಅಂದಿಲ್ಲ.