ಒಂದೇ ಕೂಗಿನ ಗುಡ್ಡ

ಸೋಲದ ನಾಯಿಯನ್ನು ಸೋತಿತೆಂದು ಬಡಿದು ಕೊಂದರು. ಕೊಂದವರು ದೊರೆಯ ಆಳುಗಳು. ಸುಮ್ಮನೆ ನೋಡುತ್ತ ನಿಂತವರು ನಮ್ಮ ಹಿರಿಯರು. ಜಪಾನಿನ ಉತ್ತರದ ಅಕಿತಾ ಸೀಮೆಯಲ್ಲಿ, ನಮ್ಮ ಕುರೊನೆ ಹಳ್ಳಿಯ ಮೇಲಿರುವ ಗುಡ್ಡಕ್ಕೆ ಹಿತೊಕೊಯೆ, ಅಂದರೆ ಒಂದೇ ಕೂಗು, ಎಂದು ಹೆಸರು ಬಂದದ್ದು ಹೀಗೆ. ಇಂದು ಅಲ್ಲಿಗೆ ಟಾರು ರಸ್ತೆಯಿದೆ, ಬಸ್ಸು ಹೋಗುತ್ತದೆ. ಐದು ತಿಂಗಳು ಹಿಮ. ಉಳಿದ ದಿನಗಳಲ್ಲಿ ಸೊಂಟದೆತ್ತರದ ಕುಳ್ಳ ಬಿದಿರು. ಕಿವಿ ನಿಮಿರಿದ, ಬಾಲ ಬೆನ್ನ ಮೇಲೆ ಸುರುಳಿ ಸುತ್ತಿದ ಇಲ್ಲಿನ ದೊಡ್ಡ ನಾಯಿಗಳನ್ನು ಅರಮನೆಯ ತಳಿ ಎಂದು ಹೊಗಳುತ್ತಾರೆ. ಸುಳ್ಳು. ಅವನ್ನು ಸಾಕಿ ಪಳಗಿಸಿದವರು ಕರಡಿ ಬೇಟೆಯಿಂದ ಹೊಟ್ಟೆ ಹೊರೆದ ಬಡವರು. ಸದ್ದಾದರೆ ಹಿಮ ಕುಸಿದೀತೆಂದು ಬೇಟೆಗಾರರು ಬೆಟ್ಟದಲ್ಲಿ ಬಾಯಿ ಬಿಡುತ್ತಿರಲಿಲ್ಲ. ನಾಯಿಗೂ ಅದೇ ಪಾಠ. ಕರಡಿಯ ವಾಸನೆ ಹತ್ತಿದಾಗ ಮಾತ್ರ, ತನ್ನವರ ಕಡೆ ತಿರುಗಿ, ಒಂದೇ ಸಲ ಬೊಗಳಬೇಕು. ಒಬ್ಬರಿಗೆ ಒಲಿದರೆ ಇನ್ನೊಬ್ಬರ ಕೈತುತ್ತು ಮುಟ್ಟದ, ಬೇರೆ ನಾಯಿಯನ್ನು ಸಹಿಸದ ಪ್ರಾಣಿ ಅದು.

ಹಿಂದೆ ಒಮ್ಮೆ ಈ ಸೀಮೆಯ ದೊರೆಗೆ ನಾಯಿ ಕಾಳಗದ ಹುಚ್ಚು ಹತ್ತಿತಂತೆ. ಹಳ್ಳಿ ಹಳ್ಳಿಯ ಬೇಟೆನಾಯಿಗಳನ್ನು ಎಳೆದೊಯ್ದರು. ಕುರೊನೆಯಲ್ಲಿ ಕೊನೆಗೆ ಉಳಿದದ್ದು ಬೇಟೆಗಾರನ ವಿಧವೆ ಶಿಗೆಯ ನಾಯಿ ತೊರಾ ಒಂದೇ. ಅದೂ ಹೋದರೆ ಕರಡಿಯಿಂದ ಊರನ್ನು ಕಾಯುವವರಿಲ್ಲ. ಹಿಮ ಕರಗುವ ಕಾಲಕ್ಕೆ ದೊರೆ ಗುಡ್ಡದ ಮೇಲೆಯೇ ಕಾಳಗ ಏರ್ಪಡಿಸಿದ. ತೊರಾ ಯಾರನ್ನೂ ಹತ್ತಿರ ಬಿಡದ್ದರಿಂದ ಶಿಗೆಯೇ ಅದನ್ನು ಕಣಕ್ಕೆ ತರಬೇಕಾಯಿತು. “ಗೆದ್ದರೆ ನಾಯಿ ನಿನ್ನದೇ ಕಣೇ ಮುದುಕಿ. ಸೋತರೆ ಚರ್ಮ ನಮ್ಮದು,” ಎಂದು ಕಣದ ಅಧಿಕಾರಿ ಹನ್ಜೊ ನಕ್ಕ. ಕಾಳಗದ ನಿಯಮ ಒಂದೇ: ಸದ್ದು ಮಾಡಿದ ನಾಯಿ ಸೋತಂತೆ. ತೊರಾ ಸದ್ದಿಲ್ಲದೆ ಹೋರಾಡಿ ಎದುರಾಳಿಯನ್ನು ನೆಲಕ್ಕೆ ಒತ್ತಿ ಹಿಡಿಯಿತು. ಅಷ್ಟರಲ್ಲಿ ಗಾಳಿ ತಿರುಗಿತು. ನಾಯಿ ಹಿಡಿತ ಬಿಟ್ಟಿತು, ತಲೆಯೆತ್ತಿತು, ಶಿಗೆಯ ಕಡೆ ನೋಡಿ ಒಮ್ಮೆ ಬೊಗಳಿತು ಎನ್ನುತ್ತಾರೆ.

“ಗೆದ್ದು ಸೋತಿತಲ್ಲೋ!” ಎಂದು ಜನ ಕೇಕೆ ಹಾಕಿದರು. ಶಿಗೆ ಮಾತ್ರ, “ಕರಡಿ! ಏಳ್ರಪ್ಪಾ, ಬಿದಿರಿನ ಕಡೆಯವರು ಏಳ್ರಿ!” ಎಂದು ಚೀರಿದಳು.

“ಸೋತ ನಾಯಿಗೆ ಕರಡಿಯ ನೆಪ ಬೇರೆ!” ಎಂದ ಹನ್ಜೊ.

ನಮ್ಮವರಿಗೆ ಆ ಕೂಗಿನ ಅರ್ಥ ಗೊತ್ತಿತ್ತು. ಒಬ್ಬರೂ ತುಟಿ ಬಿಚ್ಚಲಿಲ್ಲ. ದೊಣ್ಣೆಗಳು ಬಿದ್ದವು. ತೊರಾ ಶಿಗೆಯ ಕಡೆ ನೋಡುತ್ತಲೇ ಪ್ರಾಣ ಬಿಟ್ಟಿತು. ಎರಡನೆಯ ಸಲ ಕೂಗಲಿಲ್ಲ. ಅದರ ಮೈ ಆರುವ ಮೊದಲೇ ಮರಿಯ ಜೊತೆಗಿದ್ದ ಕರಡಿ ಬಿದಿರು ಸೀಳಿಕೊಂಡು ಬಂದು ಮೂವರನ್ನು ಬಗೆದು ಹಾಕಿತು. ಆ ಬೇಸಿಗೆ ಕಾವಲಿಲ್ಲದ ಊರಿನೊಳಕ್ಕೇ ಕರಡಿಗಳು ಇಳಿದವು. ಮೊದಲು ಸತ್ತವಳು ಶಿಗೆ.

ಇಂದಿಗೂ ಆ ಕಣದ ಸುತ್ತು, ಮೊಣಕಾಲೆತ್ತರದ ಕಲ್ಲಿನ ಸಾಲು, ಹಾಗೆಯೇ ಇದೆ. ನೋಡಲು ಬಂದವರು ಅದರೊಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಾಳಗವನ್ನು ಶೌರ್ಯವೆಂದು ಮಕ್ಕಳಿಗೆ ಹೇಳುತ್ತಾರೆ. ನೀವು ಅಲ್ಲಿಗೆ ಹೋದರೆ ಕೈ ಮುಗಿಯಬೇಡಿ, ಕಣ್ಣೀರನ್ನೂ ಹಾಕಬೇಡಿ. ಆ ಸುತ್ತಿನಿಂದ ಒಂದು ಕಲ್ಲು ಕಿತ್ತು ಕಣಿವೆಗೆ ಉರುಳಿಸಿ ಬನ್ನಿ.